ಎಡಗಡೆಯ ಹುಟ್ಟು

ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಫಕೀರಪ್ಪನಿಗೆ ಅರವತ್ತು ದಾಟಿದ ಮೇಲೂ ಒಂದು ಚಟವಿತ್ತು. ವಿಡಿಯೊ ಗೇಮ್. ಚಟ ಅನ್ನುವ ಮಾತು ಅವನ ಹೆಂಡತಿ ರುದ್ರವ್ವನದು. ಅವನು ಅದನ್ನು ಹವ್ಯಾಸ ಅನ್ನುತ್ತಿದ್ದ.

ಹಾಗೆ ನೋಡಿದರೆ ಅವನಿಗೆ ಆಟಕ್ಕಿಂತ ಆಟದ ಸಾಮಾನಿನ ಮೇಲೆಯೇ ಪ್ರೀತಿ ಹೆಚ್ಚು. ಇಂಡಿ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದ ಕಾಲದಲ್ಲಿ ಟ್ರಾನ್ಸಿಸ್ಟರ್ ಬಿಚ್ಚಿ ಜೋಡಿಸುತ್ತಿದ್ದ. ಆಮೇಲೆ ಟೇಪ್ ರೆಕಾರ್ಡರ್ ಬಂತು. ಆಮೇಲೆ ಮಗಳು ರೇಣುವಿಗೆಂದು ಟಿವಿಗೆ ಜೋಡಿಸುವ ಕ್ಯಾಸೆಟ್ ಗೇಮ್ ತಂದ. ರೇಣು ದೊಡ್ಡವಳಾಗಿ, ಮದುವೆಯಾಗಿ, ಹಡಪಸರದಲ್ಲಿ ಮನೆ ಮಾಡಿದಳು. ಗೇಮ್ ಮಾತ್ರ ಅಪ್ಪನ ಹತ್ತಿರವೇ ಉಳಿಯಿತು, ಉಳಿದು ಬೆಳೆಯಿತು. ಬಿಬವೇವಾಡಿಯ ಅವರ ಫ್ಲ್ಯಾಟಿನಲ್ಲಿ, ಬೇರೆಯವರು ಹಿತ್ತಾಳೆ ಸಾಮಾನು ಇಡುವ ಶೋಕೇಸಿನಲ್ಲಿ, ಎರಡೂ ಕೈಯಲ್ಲಿ ಹಿಡಿದು ಆಟ ಆಡಿಸುವ ಕಂಟ್ರೋಲರುಗಳು ಸಾಲಾಗಿ ಕೂತಿದ್ದವು.

ಒಂದೊಂದರ ಬಗ್ಗೆಯೂ ಅವನಿಗೆ ಹೇಳುವುದಿತ್ತು. ಮನೆಗೆ ಯಾರೇ ಬಂದರೂ ಚಹಾ ಬರುವ ಮೊದಲು ಅವರ ಕೈಗೆ ಒಂದು ಕಂಟ್ರೋಲರ್ ಬರುತ್ತಿತ್ತು.

"ಕಣ್ಣು ಮುಚ್ಚಿ ಹಿಡೀರಿ," ಅನ್ನುತ್ತಿದ್ದ. "ಹೆಬ್ಬೆರಳು ತಾನಾಗೇ ಎಲ್ಲಿ ಹೋಗಿ ಕುಂದ್ರತದ ನೋಡ್ರಿ. ಬೆರಳಿಲೆ ತಿರಗಸೂ ಸ್ಟಿಕ್ ಅಲ್ಲೇ ಇರಬೇಕು. ಬೆರಳು ಹುಡುಕ್ಯಾಡೂ ಹಂಗಾದ್ರ, ಇದನ್ನ ಮಾಡಿದವಗ ಮನಷ್ಯಾನ ಕೈ ಗೊತ್ತಿಲ್ಲ ಅಂತ ತಿಳೀರಿ."

ಹಗುರವಾಗಿದ್ದದ್ದೆಲ್ಲ ಒಳ್ಳೆಯದು ಅನ್ನುವವರನ್ನು ಅವನು ನಂಬುತ್ತಿರಲಿಲ್ಲ. ಕೈಯಲ್ಲಿ ಒಂದಿಷ್ಟು ತೂಕ ಇರಬೇಕು, ಇಲ್ಲದಿದ್ದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಹೊಸ ಫೋನುಗಳನ್ನು ಕಂಡರೆ ಅವನಿಗೆ ಬೇಸರ. ಬ್ಯಾಟರಿಯನ್ನು ಅಂಟು ಹಚ್ಚಿ ಕೂಡಿಸುತ್ತಾರೆ, ತಾವು ಮಾರಿದ ಸಾಮಾನನ್ನು ಕೊಂಡವರು ಬಿಚ್ಚಿ ನೋಡಿದರೆ ಇವರಿಗೇನು ಭಯ ಎಂದು ಕೇಳುತ್ತಿದ್ದ. ಸೊಸೈಟಿಯ ಮಕ್ಕಳು ಸ್ಟಿಕ್ ಸವೆದು ತಾನಾಗಿಯೇ ಒಂದು ಕಡೆಗೆ ಎಳೆಯುವ ಕಂಟ್ರೋಲರುಗಳನ್ನು ಅವನ ಹತ್ತಿರ ತರುತ್ತಿದ್ದರು. ಅವನ್ನು ಬಿಚ್ಚಿ, ಒರೆಸಿ, ಬೇಕಾದರೆ ಹೊಸ ಬಿಡಿಭಾಗ ಕೂಡಿಸಿ ಕೊಡುವಾಗ ಅವನ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ಆಟ ಗೆಲ್ಲುವುದು ಮಾತ್ರ ಅವನಿಗೆ ಮುಖ್ಯವಾಗಿರಲಿಲ್ಲ. ಸೋತರೆ, "ಈ ಬಟನ್ ದನಿ ಭಾಳ ಛಲೋ ಅದ," ಎಂದು ಸುಮ್ಮನಾಗುತ್ತಿದ್ದ.

ರುದ್ರವ್ವ ಅದಕ್ಕೆ ತದ್ವಿರುದ್ಧ. ಅವಳಿಗೆ ಯಂತ್ರಗಳ ಗೊಡವೆ ಇರಲಿಲ್ಲ, ಆದರೆ ಯಾವ ಆಟಕ್ಕೆ ಕೂತರೂ ಗೆಲ್ಲಬೇಕು. ಕೆಳಗಿನ ಮನೆಯ ಮರಾಠಿ ಹೆಂಗಸರಿಗೆ ಚೌಕಾಬಾರ ಕಲಿಸಿದವಳೇ ಅವಳು. ಕಲಿಸಿದ ಮೇಲೆ ಅವರನ್ನು ವರ್ಷಗಟ್ಟಲೆ ಸೋಲಿಸಿದಳು. ಮಧ್ಯಾಹ್ನ ಆದರೆ ಕವಡೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಗಂಡನ ಟಿವಿ ಕಡೆ ನೋಡಿ, "ಬರೇ ಗುಂಡು ಹಾರಸೂದು. ನಿಮಗ ಯಾರ ಮ್ಯಾಲ ಇಷ್ಟ ಸಿಟ್ಟದ?" ಎಂದು ಕೇಳಿ ಹೋಗುತ್ತಿದ್ದಳು.

ಅವಳ ಬಲಗೈ ನಡುಗತೊಡಗಿದ್ದು ಯಾವಾಗ ಎಂದು ಇಬ್ಬರಿಗೂ ಸರಿಯಾಗಿ ಹೇಳಲಾಗುವುದಿಲ್ಲ. ಮೊದಲು ಲೋಟ ತಾಟಿಗೆ ತಗುಲಿ ಸಣ್ಣಗೆ ಸದ್ದಾಗುತ್ತಿತ್ತು. ಆಮೇಲೆ ಸೂಜಿಗೆ ದಾರ ಪೋಣಿಸುವುದನ್ನು ಅವಳು ಬಿಟ್ಟಳು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹೋದಾಗ ಪಕ್ಕದ ಮನೆಯವಳ ಹಣೆಗೆ ಕುಂಕುಮ ಹಚ್ಚಲು ಹೋಗಿ ಬೆರಳು ಜಾರಿ ಮೂಗಿನವರೆಗೆ ಗೆರೆ ಎಳೆಯಿತು. ಎಲ್ಲರೂ ನಕ್ಕರು, ಹಚ್ಚಿಸಿಕೊಂಡವಳೂ ನಕ್ಕಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ರುದ್ರವ್ವ ಅವತ್ತಿನಿಂದ ಕೆಳಗಿಳಿಯುವುದನ್ನು ನಿಲ್ಲಿಸಿದಳು. ಯಾರಾದರೂ ಬಂದರೆ ಬಲಗೈಯನ್ನು ಸೆರಗಿನ ಒಳಗೆ ಎಳೆದುಕೊಂಡು ಎಡಗೈಯಿಂದ ಹಿಡಿದು ಕೂರುತ್ತಿದ್ದಳು.

ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿದರು. ಹೆದರುವ ಕಾಯಿಲೆ ಅಲ್ಲ, ಕೆಲವು ಮನೆತನಗಳಲ್ಲಿ ವಯಸ್ಸಾದಂತೆ ಬರುವ ನಡುಕ, ಮಾತ್ರೆಯಿಂದ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಸ್ವಲ್ಪ ತಗ್ಗಿತು. ಪೂರ್ತಿ ಹೋಗಲಿಲ್ಲ.

ಫಕೀರಪ್ಪನಿಗೆ ಗೊತ್ತಿದ್ದ ದಾರಿ ಒಂದೇ, ಸಾಮಾನು ತರುವುದು. ನಡುಕಕ್ಕೆ ಎದುರಾಗಿ ತಾನೇ ಅಲುಗಾಡಿ ಸಮತೋಲ ಹಿಡಿಯುವ ಚಮಚ ತರಿಸಿದ. ಅಡಿ ಭಾರದ ಲೋಟ ತರಿಸಿದ. ಕೈಗೆ ಕಟ್ಟಿಕೊಳ್ಳುವ, ಗುಂಯ್ ಅನ್ನುವ ಪಟ್ಟಿಯೊಂದನ್ನು ತರಿಸಿದ. ನಾಲ್ಕಾರು ದಿನಕ್ಕೊಮ್ಮೆ ಬಾಗಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂರುತ್ತಿತ್ತು. ಒಂದು ದಿನ ರುದ್ರವ್ವ ಆ ಚಮಚದಿಂದ ಅನ್ನ ಸಾರು ಉಣ್ಣುತ್ತಿದ್ದಾಗ ಅವನು ಎದುರಿಗೆ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವಳು ಚಮಚ ಕೆಳಗಿಟ್ಟಳು.

"ನನ್ನ ನೋಡ್ಲಿಕತ್ತೀರೋ ಚಮಚಾ ನೋಡ್ಲಿಕತ್ತೀರೋ?"

"ಒಳಗ ಮೋಟರ್ ಹ್ಯಾಂಗ ಕೆಲಸ ಮಾಡ್ತದ ಅಂತ..."

"ನಾ ಏನು ಕೆಟ್ಟ ರೇಡಿಯೋ ಏನ್ರಿ? ದಿನಾ ಒಂದು ಹೊಸಾ ಪಾರ್ಟು ತಂದು ಹಚ್ಚಿ ನೋಡ್ತೀರಿ. ನಿನಗೇನು ಬೇಕು ಅಂತ ಒಮ್ಮೆರ ಕೇಳೀರೇನು?"

ಅವಳ ದನಿ ಏರಿರಲಿಲ್ಲ. ಅದಕ್ಕೇ ಫಕೀರಪ್ಪನಿಗೆ ಹೆಚ್ಚು ನಾಟಿತು. ಅವನು ಅದನ್ನೆಲ್ಲ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟ. ಕೆಲವು ವಾರ ಯಾವ ಸಾಮಾನನ್ನೂ ತರಿಸಲಿಲ್ಲ. ಮನೆಯಲ್ಲಿ ಟಿವಿ ಸದ್ದು ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು.

ಭಾನುವಾರ ಬಂದ ರೇಣು ಇದನ್ನು ಗಮನಿಸಿದಳು. ತಾಯಿ ಒಳಗೆ ಮಲಗಿದ್ದಾಗ ಅಪ್ಪನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ಅಪ್ಪಾ, ಅವ್ವ ಈಗ ಯಾರ ಜೋಡಿನೂ ಆಡಂಗಿಲ್ಲ," ಅಂದಳು. "ಚಮಚಾ ಇದ್ರೂ ನಡೀತದ, ಇಲ್ಲದಿದ್ರೂ ನಡೀತದ. ಆದ್ರ ಆಕೀಗ ಯಾರನ್ನರ ಸೋಲಸಬೇಕು. ಅದಿಲ್ಲದ ಆಕೀಗ ದಿನಾ ಹೋಗವಲ್ದು."

ಹೊರಡುವ ಮೊದಲು ಅವಳು ಟಿವಿಗೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಅವಳ ಆಫೀಸಿನವರು ಆಡುತ್ತಿದ್ದ ಆಟ. ಒಂದು ನದಿ, ಒಂದು ದೋಣಿ, ದೋಣಿಯ ತುಂಬ ಕುಂಬಳಕಾಯಿ. ಇಬ್ಬರು ಕೂತು ಹುಟ್ಟು ಹಾಕುತ್ತಾ ಅದನ್ನು ಸಂತೆಗೆ ಮುಟ್ಟಿಸಬೇಕು. ಎಡಗಡೆಯ ಹುಟ್ಟು ಒಬ್ಬರದು, ಬಲಗಡೆಯದು ಇನ್ನೊಬ್ಬರದು.

"ಒಬ್ಬರಿಗೆ ಆಡ್ಲಿಕ್ಕ ಬರಂಗಿಲ್ಲ ಇದು," ಎಂದು ಹೇಳಿ ಹೋದಳು.

ಫಕೀರಪ್ಪ ರುದ್ರವ್ವನನ್ನು ಕರೆಯಲಿಲ್ಲ. ಕರೆಯುವ ಧೈರ್ಯ ಇರಲಿಲ್ಲ. ಒಬ್ಬನಿಗೆ ಯಾಕೆ ಬರುವುದಿಲ್ಲ ನೋಡೋಣ ಎಂದುಕೊಂಡು ಮರುದಿನ ಎರಡು ಕಂಟ್ರೋಲರುಗಳನ್ನು ಎರಡು ತೊಡೆಯ ಮೇಲಿಟ್ಟುಕೊಂಡು ಕೂತ. ದೋಣಿ ಸುತ್ತು ತಿರುಗಿತು, ದಡಕ್ಕೆ ಬಡಿಯಿತು, ಮತ್ತೆ ಸುತ್ತು ತಿರುಗಿತು. ಹಿಂದೆ ನೆಲದ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದ ರುದ್ರವ್ವ ಕತ್ತು ಎತ್ತಿ ಟಿವಿ ಕಡೆ ನೋಡಿದಳು.

"ಎಡಗಡೀದು ಎಳೀರಿ," ಅಂದಳು.

"ಎಡಗಡೀದ ಎಳದೀನಿ."

"ಅದು ಬಲಗಡೀದು. ಕಲ್ಲು ಬಂತು ನೋಡ್ರಿ. ಎಡಗಡೀದು ಅಂದೆ."

ಕುಂಬಳಕಾಯಿಗಳೆಲ್ಲ ನೀರು ಪಾಲಾದವು. ಫಕೀರಪ್ಪ ಮತ್ತೆ ಶುರು ಮಾಡಿದ, ಮತ್ತೆ ಅದೇ ಕಲ್ಲಿಗೆ ಬಡಿದ. ರುದ್ರವ್ವ ಸೊಪ್ಪಿನ ತಾಟನ್ನು ಸರಿಸಿ ಎದ್ದು ಬಂದಳು.

"ಅದನ್ನ ಇಲ್ಲಿ ಕೊಡ್ರಿ."

ಕಂಟ್ರೋಲರ್ ಬಗ್ಗೆ ಹೇಳುವುದಕ್ಕೆ ಅವನ ಬಾಯಲ್ಲಿ ಬೇಕಾದಷ್ಟಿತ್ತು. ಏನೂ ಹೇಳದೆ ಕೊಟ್ಟ.

ಅವಳು ಹುಟ್ಟು ಎಳೆಯುವುದನ್ನು ಬೇಗ ಹಿಡಿದುಕೊಂಡಳು. ತೊಂದರೆ ಇದ್ದದ್ದು ಎಳೆಯದೆ ಸುಮ್ಮನಿರಬೇಕಾದಾಗ. ಹುಟ್ಟಿನ ಸ್ಟಿಕ್ ಬಲಗೈ ಹೆಬ್ಬೆರಳಿನ ಕೆಳಗಿತ್ತು; ಆ ಬೆರಳು ಕೂತ ಜಾಗದಲ್ಲೇ ನಡುಗುತ್ತಿತ್ತು, ಅವಳ ಹುಟ್ಟು ನೀರಿನಲ್ಲಿ ಪಟಪಟ ಬಡಿಯುತ್ತಿತ್ತು, ದೋಣಿಯ ಮೂತಿ ಸಲ್ಲದ ಕಡೆಗೆ ತಿರುಗುತ್ತಿತ್ತು. ಅದೇ ಕಲ್ಲು ಬಂತು. ದೋಣಿ ಮಗುಚಿತು. ಅವಳು ಕಂಟ್ರೋಲರನ್ನು ಮೆತ್ತಗೆ ಸೋಫಾದ ಮೇಲಿಟ್ಟಳು.

"ನನ್ನ ಕೈಲೆ ಆಗಂಗಿಲ್ಲ," ಎಂದು ಅಡುಗೆಮನೆಗೆ ಹೋದಳು.

ಫಕೀರಪ್ಪ ಖಾಲಿ ದೋಣಿಯನ್ನು ನೋಡುತ್ತಾ ಕೂತ. ಅವಳು ಎಳೆದಾಗಲೆಲ್ಲ ಹುಟ್ಟು ಸರಿಯಾಗಿ ಹೋಗಿತ್ತು, ಎಳೆಯದಿದ್ದಾಗ ಮಾತ್ರ ಕೆಟ್ಟಿತ್ತು. ಸವೆದ ಸ್ಟಿಕ್ಕುಗಳನ್ನು ರಿಪೇರಿ ಮಾಡುವಾಗ ಅವನು ನೂರಾರು ಸಲ ಮುಟ್ಟಿದ್ದ ಒಂದು ಸೆಟ್ಟಿಂಗ್ ಇತ್ತು. ಡೆಡ್ ಝೋನ್ ಅನ್ನುತ್ತಾರೆ. ಸ್ಟಿಕ್ ನಡುವಿನಿಂದ ಇಷ್ಟು ದೂರ ಸರಿಯುವ ತನಕ ಅದನ್ನು ಗಣನೆಗೆ ತೆಗೆದುಕೊಳ್ಳಬೇಡ ಎಂದು ಯಂತ್ರಕ್ಕೆ ಹೇಳುವುದು. ಇಷ್ಟು ದಿನ ಅವನು ಅದನ್ನು ಕೆಟ್ಟ ಕಂಟ್ರೋಲರುಗಳಿಗೆ ಬಳಸಿದ್ದ. ಕೈಗಾಗಿ ಬಳಸಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ತಕ್ಷಣ ಸ್ಕ್ರೂಡ್ರೈವರ್ ಕಡೆ ಕೈ ಹೋಯಿತು. ಹಿಂದಕ್ಕೆ ಎಳೆದುಕೊಂಡ. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಒಂದು ಮಾತು ಕೇಳಲಾ?"

"ಏನು?" ಅವಳು ತಿರುಗಲಿಲ್ಲ.

"ಆ ಕಂಟ್ರೋಲರಿಗೆ ನಿನ್ನ ಕೈ ಗೊತ್ತಿಲ್ಲ. ಅದಕ್ಕ ತಿಳಿಸಿ ಹೇಳ್ಲಿಕ್ಕ ಬರ್ತದ. ನೀ ಹೂಂ ಅಂದ್ರ ಮಾಡೂಣು, ಬ್ಯಾಡ ಅಂದ್ರ ಬಿಡೂಣು."

"ಕೈ ನಡಗೂದು ನಿಲ್ತದೇನು?"

"ನಿಲ್ಲಂಗಿಲ್ಲ. ಕೈ ನಡಗತದ. ನಡಗಿದ್ದನ್ನ ಹಿಡೀಬ್ಯಾಡ, ಎಳದಿದ್ದನ್ನ ಅಷ್ಟ ಹಿಡಿ ಅಂತ ಅದಕ್ಕ ಹೇಳಬೌದು."

ರುದ್ರವ್ವ ಒಗ್ಗರಣೆಗೆ ಇಟ್ಟಿದ್ದ ಎಣ್ಣೆಯ ಉರಿ ಸಣ್ಣದು ಮಾಡಿದಳು. "ರೊಟ್ಟಿ ಮುಗಿಸಿ ಬರ್ತೀನಿ. ಕೂತಿರ್ರಿ," ಅಂದಳು.

ಆ ಮಧ್ಯಾಹ್ನ ಅವನು ಟಿವಿ ಪರದೆಯ ಮೇಲೆ ಒಂದು ವೃತ್ತವನ್ನೂ ಅದರ ನಡುವೆ ಒಂದು ಚುಕ್ಕೆಯನ್ನೂ ತಂದು ನಿಲ್ಲಿಸಿದ. ಅವಳು ಹೆಬ್ಬೆರಳಿಟ್ಟ ಕೂಡಲೇ ಚುಕ್ಕೆ ಬೆಲ್ಲಕ್ಕೆ ಮುತ್ತಿದ ನೊಣದ ಹಾಗೆ ಅಲ್ಲೇ ಥರಥರ ಕುಣಿಯಿತು. ರುದ್ರವ್ವ ಅದನ್ನೇ ದಿಟ್ಟಿಸಿದಳು.

"ಇದು ನನ್ನ ಕೈಯೇನು?"

"ನಿನ್ನ ಹೆಬ್ಬೆರಳು."

"ಇಷ್ಟಽ ಏನು ನಡಗೂದು? ನನಗ ಇದರಕಿಂತ ಭಾಳ ಅನಸ್ತಿತ್ತು."

ಫಕೀರಪ್ಪ ನಡುವೆ ಒಂದು ಸಣ್ಣ ವೃತ್ತ ಎಳೆದ. ಚುಕ್ಕೆ ಅದರೊಳಗೆ ಕುಣಿದಷ್ಟೂ ಯಂತ್ರ ಸುಮ್ಮನಿರುತ್ತದೆ, ಆಚೆ ದಾಟಿದರೆ ಮಾತ್ರ ಹುಟ್ಟು ಏಳುತ್ತದೆ ಎಂದು ಹೇಳಿದ. ಎಲ್ಲಿ ಕಡಿಮೆಯಾಗುತ್ತದೋ ಎಂದು ಹೆದರಿ ಆ ವೃತ್ತವನ್ನು ದೊಡ್ಡದೇ ಮಾಡಿದ. ಅವಳು ಎಳೆದಳು, ಹುಟ್ಟು ಅಲುಗಲಿಲ್ಲ. ಜೋರಾಗಿ ಎಳೆದಳು, ಆಗಲೂ ತಡವಾಗಿ ಎದ್ದಿತು.

"ಈಗ ನಾ ಹೇಳಿದ್ದೂ ಕೇಳವಲ್ದು ಇದು," ಅಂದಳು. "ನಿಮ್ಮಂಗ ಆತು."

ಫಕೀರಪ್ಪನಿಗೆ ನಗು ಬಂತು. ಅವಳೂ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನ ಆಗಿತ್ತು. ಆಮೇಲೆ ಎಷ್ಟು ಬೇಕು ಎಂದು ಅವಳೇ ಹೇಳುತ್ತಾ ಹೋದಳು, ಅವನು ಅಷ್ಟೇ ಮಾಡಿದ. ಸ್ಟಿಕ್ ಇನ್ನಷ್ಟು ಬಿಗಿ ಇದ್ದರೆ ಬೆರಳಿಗೆ ಆಸರೆಯಾಗುತ್ತದೆ ಅಂದಾಗ ಒಳಗಿನ ಸ್ಪ್ರಿಂಗ್ ಬದಲಿಸಿದ. ಬಟನ್ ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆ ಅಂದಾಗ ಎರಡನೆಯದನ್ನು ಬಿಟ್ಟುಬಿಡುವ ಹಾಗೆ ಮಾಡಿದ. ಪ್ರತಿ ಸಲವೂ ಕೇಳಿಯೇ ಬಿಚ್ಚಿದ. ಬಂದವರಿಗೆಲ್ಲ ಕಣ್ಣು ಮುಚ್ಚಿ ಹಿಡೀರಿ ಎಂದು ಹೇಳುವಾಗ ತಾನು ಬರೀ ತನ್ನ ಕೈಯನ್ನೇ ಮನುಷ್ಯನ ಕೈ ಎಂದುಕೊಂಡಿದ್ದೆ ಎಂಬುದು ಅವನಿಗೆ ಅದೇ ದಿನಗಳಲ್ಲಿ ತಿಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಆ ನದಿಯನ್ನು ಕೊನೆಯವರೆಗೂ ದಾಟಿದ್ದರು. ರುದ್ರವ್ವ ಎಡಗಡೆಯ ಹುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂದು ಗಂಡನಿಗೆ ಹೇಳುವವಳೂ ಅವಳೇ. ಆದರೆ ನದಿಯನ್ನು ಗೆದ್ದು ಅವಳಿಗೆ ಸಮಾಧಾನವಾಗಲಿಲ್ಲ. ಸೋತ ಬೇಸರ ನದಿಗೆ ಇರುವುದಿಲ್ಲವಲ್ಲ.

ಆಗ ರೇಣು ತನ್ನ ಮನೆಯ ಹತ್ತಿರದ ಒಂದು ಗೇಮಿಂಗ್ ಕೆಫೆಯ ಸುದ್ದಿ ತಂದಳು. ಕೆಳಗೆ ಕುಂದಾಪುರದವರ ಹೋಟೆಲು, ಮೇಲಿನ ಮಹಡಿಯಲ್ಲಿ ಹೋಟೆಲಿನವರ ಮಗ ಸುಖೇಶ್ ನಡೆಸುವ ಕೆಫೆ. ಭಾನುವಾರ ಅಲ್ಲಿ ಇದೇ ದೋಣಿಯ ಆಟದಲ್ಲಿ ಜೋಡಿಗಳ ಪಂದ್ಯ; ಎರಡು ದೋಣಿ ಒಟ್ಟಿಗೆ ಹೊರಡುತ್ತವೆ, ಮೊದಲು ಸಂತೆ ಮುಟ್ಟಿದವರು ಗೆದ್ದಂತೆ, ಸೋತವರು ಹೊರಗೆ.

ರುದ್ರವ್ವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಎಷ್ಟು ಮಂದಿ ಬರ್ತಾರಂತ?"

"ಹತ್ತು ಹನ್ನೆರಡು ಜೋಡಿ ಬರಬೌದು ಅವ್ವಾ. ಎಲ್ಲಾ ಸಣ್ಣ ಸಣ್ಣ ಹುಡುಗೂರು."

"ಬರ್ಲಿ," ಅಂದಳು ರುದ್ರವ್ವ. "ಸಣ್ಣವ್ರಾದ್ರೇನು, ಸೋಲ್ತಾರ."

ಭಾನುವಾರ ಅವರು ಮೂವರೂ ಹೋಟೆಲಿನ ಪಕ್ಕದ ಮೆಟ್ಟಿಲು ಹತ್ತಿ ಹೋದಾಗ ಬಾಗಿಲಲ್ಲಿದ್ದ ಸುಖೇಶ್ ಕುರ್ಚಿ ಎಳೆದುಕೊಟ್ಟ. ಕೆಳಗೆ ಊಟಕ್ಕೆ ಬರುತ್ತಿದ್ದ ರೇಣು ಅವನಿಗೆ ಪರಿಚಯ.

"ಬನ್ನಿ ಅಂಕಲ್, ಬನ್ನಿ ಆಂಟಿ. ಆಟ ನೋಡ್ಲಿಕ್ಕೆ ಬಂದದ್ದಾ?"

"ಆಡ್ಲಿಕ್ಕ ಬಂದೀವ್ರಿ," ಅಂದಳು ರುದ್ರವ್ವ.

ಸುಖೇಶ್ ಒಂದು ಕ್ಷಣ ರೇಣುವಿನ ಮುಖ ನೋಡಿ, ನಕ್ಕು, ಹೆಸರು ಕೂಗುವಾಗ ಇವರದ್ದನ್ನೂ ಸೇರಿಸಿದ. ಎದುರಾಳಿಯಾಗಿ ಬಂದವರು ತನುಶ್ರೀ ಎಂಬ ಹುಡುಗಿ ಮತ್ತು ಅವಳ ಆಫೀಸಿನ ಗೆಳತಿ. ತನುಶ್ರೀ ಬೆಂಗಳೂರಿನವಳು, ಕೆಲಸಕ್ಕೆಂದು ಪುಣೆಗೆ ಬಂದು ಎರಡು ವರ್ಷವಾಗಿತ್ತು. ಫಕೀರಪ್ಪ ಚೀಲದಿಂದ ರುದ್ರವ್ವನ ಕಂಟ್ರೋಲರ್ ತೆಗೆದು ಜೋಡಿಸುವುದನ್ನು ಅವಳು ನೋಡಿದಳು. ಸೆಟ್ಟಿಂಗುಗಳು ಕಂಟ್ರೋಲರಿನ ಒಳಗೇ ಉಳಿಯುವಂಥ ಮಾದರಿ ಅದು.

"ಸುಖೇಶ್, ಒಂದ್ನಿಮಿಷ," ಅಂದಳು ಅವಳು. "ನಾವೆಲ್ಲ ಇಲ್ಲಿಂದೇ ಕಂಟ್ರೋಲರ್ ಯೂಸ್ ಮಾಡ್ತಿದೀವಿ. ಅವರದ್ದು ಮಾಡಿಫೈ ಮಾಡಿರೋದು ಅನ್ಸುತ್ತೆ. ತಪ್ಪು ತಿಳ್ಕೋಬೇಡಿ ಅಂಕಲ್, ರೂಲ್ ಎಲ್ಲರಿಗೂ ಒಂದೇ ಇರ್ಬೇಕಲ್ವಾ, ಅದಕ್ಕೆ ಕೇಳ್ದೆ."

ಕೋಣೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಫಕೀರಪ್ಪ ಎದ್ದು ಡೆಡ್ ಝೋನ್ ಅಂದರೆ ಏನು ಎಂದು ಶುರು ಮಾಡಿದ. ರುದ್ರವ್ವ ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. ಆಮೇಲೆ ಸೆರಗಿನ ಒಳಗಿದ್ದ ಬಲಗೈಯನ್ನು ಹೊರಗೆ ತೆಗೆದು ತನುಶ್ರೀಯ ಮುಂದೆ ಚಾಚಿದಳು. ಅಷ್ಟು ಜನರ ಎದುರಿಗೆ ಆ ಕೈ ಎಂದಿಗಿಂತ ಹೆಚ್ಚೇ ನಡುಗಿತು. ಅವಳು ಅದನ್ನು ಹಿಂದಕ್ಕೆ ಎಳೆಯಲಿಲ್ಲ.

"ನೋಡವ್ವ, ನನ್ನ ಕೈ ಹಿಂಗದ. ಇದು ಈ ನಡುಕ ಬಿಟ್ಟು ಉಳದಿದ್ದು ಕೇಳಸ್ಕೊತದ, ಅಷ್ಟ. ನೀ ಕೇಳಿದ್ದು ತಪ್ಪಲ್ಲ, ನಿನ್ನ ಜಾಗಾದಾಗ ನಾ ಇದ್ರೂ ಕೇಳ್ತಿದ್ದೆ. ಅನುಮಾನ ಇದ್ರ ಇದನ್ನ ತೊಗೊಂಡು ನೀ ಒಂದು ಆಟ ಆಡಿ ನೋಡು."

ತನುಶ್ರೀಯ ಮುಖ ಕೆಂಪಾಯಿತು. ಆದರೂ ಅವಳು ಕಂಟ್ರೋಲರ್ ತೆಗೆದುಕೊಂಡು ಗೆಳತಿಯ ಜೊತೆ ಆಡಿದಳು. ನಾಲ್ಕು ಸಲ ಹುಟ್ಟು ಎಳೆಯುವಷ್ಟರಲ್ಲಿ ದೋಣಿ ದಡಕ್ಕೆ ಬಡಿಯಿತು.

"ನಂಗೆ ಇದು ತುಂಬ ಟೈಟು ಆಂಟಿ, ಲೇಟಾಗಿ ಏಳುತ್ತೆ," ಎಂದು ವಾಪಸ್ ಕೊಟ್ಟಳು. "ಇದ್ರಲ್ಲಿ ಆಡೋಕೆ ನನ್ ಕೈಲಿ ಆಗಲ್ಲ. ಸುಖೇಶ್, ನಂದೇನೂ ಅಭ್ಯಂತರ ಇಲ್ಲ. ಆದ್ರೆ ಆಂಟಿ, ನಾವು ಬಿಟ್ಟುಕೊಟ್ಟು ಆಡಲ್ಲ."

"ಬಿಟ್ಟುಕೊಟ್ಟು ಆಡಿದ್ರ ನಾ ಎದ್ದು ಹೋಗ್ತೀನಿ," ಅಂದಳು ರುದ್ರವ್ವ.

ಪಂದ್ಯ ನಿಜವಾಗಿಯೂ ಬಿಗಿಯಾಗಿತ್ತು. ಮೊದಲ ತಿರುವಿನಲ್ಲಿ ರುದ್ರವ್ವ, "ತಡೀರಿ, ತಡೀರಿ, ಈಗ ಎಳೀರಿ," ಎಂದು ಹೇಳಿ ದೋಣಿಯನ್ನು ಕಲ್ಲುಗಳ ನಡುವಿನ ಸಂದಿಯಲ್ಲಿ ನುಗ್ಗಿಸಿದಳು. ಹುಡುಗಿಯರ ದೋಣಿ ಸುತ್ತು ಹಾಕಿ ಬರುವಷ್ಟರಲ್ಲಿ ಇವರದ್ದು ಮುಂದಿತ್ತು. ಹಿಂದೆ ನಿಂತವರು ಸುಖೇಶನ ಜೊತೆ ಸೇರಿ ಆಂಟಿ ಆಂಟಿ ಎಂದು ಕೂಗತೊಡಗಿದರು. ಕೊನೆಯ ತಿರುವಿನ ತನಕವೂ ಮುಂದಿದ್ದರು. ಅಲ್ಲಿ ಪಕ್ಕದ ಮೇಜಿನವರು ಹೊಸ ಮಾದರಿಯ ಕಂಟ್ರೋಲರೊಂದನ್ನು ಪೆಟ್ಟಿಗೆಯಿಂದ ತೆಗೆದರು. ಫಕೀರಪ್ಪನ ಕಣ್ಣು ಅತ್ತ ಹೋಯಿತು. ಕಣ್ಣು ವಾಪಸ್ ಬರುವಷ್ಟರಲ್ಲಿ ಬಲಗಡೆಯ ಹುಟ್ಟು ಕಲ್ಲಿಗೆ ಸಿಕ್ಕಿತ್ತು. ತನುಶ್ರೀಯ ದೋಣಿ ಒಂದು ಮೂತಿಯಷ್ಟು ಮೊದಲು ಸಂತೆ ಮುಟ್ಟಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ರುದ್ರವ್ವ ತಟ್ಟಲಿಲ್ಲ. ಗಂಡನ ಕಡೆ ತಿರುಗಿದಳು.

"ಅದನ್ನ ಏನ್ ನೋಡೂದಿತ್ತು ಈಗ?"

"ಅದರ ಸ್ಟಿಕ್ ಸವಿಯೂದಿಲ್ಲಂತ, ಒಳಗ ಆಯಸ್ಕಾಂತ..."

"ಮನೀಗೆ ನಡೀರಿ, ಆಯಸ್ಕಾಂತ ಹೇಳ್ತೀನಿ."

ಬಯ್ಯಿಸಿಕೊಂಡ ಫಕೀರಪ್ಪನಿಗೆ ಒಳಗೊಳಗೇ ಬಹಳ ಖುಷಿಯಾಯಿತು. ಸೋತ ಸಿಟ್ಟು ಅವಳ ಮುಖದ ಮೇಲೆ ಬಂದು ಎಷ್ಟೋ ತಿಂಗಳಾಗಿತ್ತು. ರೇಣು ಅಪ್ಪನ ಕಡೆ ನೋಡಿ ಬೇರೆ ಕಡೆ ಮುಖ ತಿರುಗಿಸಿ ನಕ್ಕಳು.

ಕೆಳಗಿನ ಹೋಟೆಲಿನಲ್ಲಿ ಸುಖೇಶ್ ಎಲ್ಲರಿಗೂ ಕಾಫಿ ತರಿಸಿದ. ಕೆಫೆಗೆ ಬರುವವರಲ್ಲಿ ಬೇರೆ ಬೇರೆ ಕೈಯವರು ಇರುತ್ತಾರೆ, ಒಬ್ಬ ಹುಡುಗಿಗೆ ಬೆರಳು ಸರಿಯಾಗಿ ಮಡಚಲು ಬರುವುದಿಲ್ಲ, ಅವಳು ಬಂದು ನೋಡಿ ಹೋಗುತ್ತಾಳೆ, ಆಡುವುದಿಲ್ಲ ಅಂದ. "ನಿಮ್ಮ ಹತ್ತಿರ ಉಂಟಲ್ಲ ಅಂಕಲ್, ಅಂಥದ್ದೊಂದು ಮಾಡ್ಲಿಕ್ಕೆ ಆಗ್ತದಾ?"

ಫಕೀರಪ್ಪನಿಗೆ ಆಗಲೇ ನಾಲ್ಕು ಉಪಾಯ ಹೊಳೆದಿತ್ತು. ಅದನ್ನು ನುಂಗಿಕೊಂಡ. "ಮೊದಲ ಆಕೀ ಕೂಡ ನಾ ಮಾತಾಡ್ಬೇಕ್ರಿ," ಅಂದ. "ಆಕೀಗ ಏನು ಬೇಕು ಅಂತ ಆಕೀನೇ ಹೇಳ್ಲಿ. ಮುಂದಿನ ವಾರ ಬರ್ತೀವಿ."

ಅಷ್ಟರಲ್ಲಿ ರುದ್ರವ್ವ ತನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿರುವುದು, ಊಟ ಎಲ್ಲಿ ಎಂದೆಲ್ಲ ವಿಚಾರಿಸಿಕೊಂಡಿದ್ದಳು. ಹುಡುಗಿ ಕೊಂಢವಾದಲ್ಲಿ ಗೆಳತಿಯರ ಜೊತೆ ರೂಮು ಮಾಡಿದ್ದಳು. ಬಿಬವೇವಾಡಿಗೆ ದೂರವೇನಲ್ಲ.

"ಶನಿವಾರ ಮನೀಗೆ ಬಾ," ಅಂದಳು ರುದ್ರವ್ವ. "ಜ್ವಾಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಮಾಡಿರ್ತೀನಿ. ಉಂಡ ಮ್ಯಾಲ ಆಡೂಣು."

"ಖಂಡಿತ ಬರ್ತೀನಿ ಆಂಟಿ. ಆದ್ರೆ ಊಟ ಹಾಕಿ ಗೆಲ್ಲೋ ಪ್ಲಾನ್ ಇದ್ರೆ ಈಗ್ಲೇ ಹೇಳ್ಬಿಡಿ."

"ಊಟಾ ಹಾಕಲಾರದನೂ ಗೆಲ್ತೀನಿ. ನೀ ಬಾ ಮೊದಲ."

ಶನಿವಾರ ಬೆಳಗ್ಗೆಯಿಂದಲೇ ರುದ್ರವ್ವ ಅಡುಗೆಮನೆಯಲ್ಲಿದ್ದಳು. ಬಡಿದ ರೊಟ್ಟಿಗಳ ಅಂಚು ಅಲ್ಲಲ್ಲಿ ಸೊಟ್ಟಗಾಗಿತ್ತು. ಅವಳು ಅದನ್ನು ತಿದ್ದಲು ಹೋಗಲಿಲ್ಲ, ಬಿಸಿ ಬಿಸಿಯಾಗಿ ಬುಟ್ಟಿಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿದಳು. ಪಡಸಾಲೆಯಲ್ಲಿ ಫಕೀರಪ್ಪ ಬರುವ ಹುಡುಗಿಗೆ ಯಾವ ಕಂಟ್ರೋಲರ್ ಕೊಡುವುದು ಎಂದು ಶೋಕೇಸಿನ ಮುಂದೆ ನಿಂತಿದ್ದ. ಕೊನೆಗೆ ನಾಲ್ಕೈದನ್ನು ತೆಗೆದು ಸೋಫಾದ ಮೇಲೆ ಹರಡಿಟ್ಟ, ಬೇಕಾದ್ದನ್ನು ಅವಳೇ ಹಿಡಿದು ನೋಡಿಕೊಳ್ಳಲಿ ಎಂದು.

ಬಾಗಿಲ ಗಂಟೆ ಸದ್ದು ಮಾಡಿತು. ಅವನು ತಿರುಗುವ ಮೊದಲೇ ರುದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನಡೆದಿದ್ದಳು.